ಅಕ್ಕ ಯಾವ ಕೊಂಬೆಯವಳು

ಸೋಮವಾರ, ಮಧ್ಯಾಹ್ನ
ಪ್ರಯೋಗಾಲಯದಿಂದ

ನನ್ನ ಮುದ್ದು ಅಮ್ಮನಿಗೆ, ನಿನ್ನ ಮೊಂಡಿಯ ನಮಸ್ಕಾರ.

ಪತ್ರ ತಲುಪಿತು. ಕಣ್ಣಿನ ಪೊರೆ ಬಲಿತು ನಿನಗೀಗ ಓದಲು ಬರೆಯಲು ಆಗುತ್ತಿಲ್ಲ, ನೀನು ಹೇಳಿದ್ದನ್ನು ಅಕ್ಕ ಬರೆದಿದ್ದಾಳೆ, ಇದನ್ನೂ ಅವಳೇ ಓದಿ ಹೇಳುತ್ತಾಳೆ ಎಂದು ತಿಳಿಯಿತು. ಅವಳ ಅಕ್ಷರ ಎಷ್ಟು ಸುಧಾರಿಸಿದೆ! ಮೊದಲು ಬರೀ ಕಾಗೆಕಾಲು ಗುಬ್ಬಿಕಾಲು. ಈಗ ಥೇಟ್ ನನ್ನದೇ, ನನ್ನ ಹಳೆಯ ಪತ್ರಗಳನ್ನು ನೋಡಿ ಕಲಿತಳೇನೋ. ಲಕೋಟೆ ನೋಡಿದಾಗ ನನಗೆ ನಾನೇ ಬರೆದುಕೊಂಡೆನೇನೋ ಎಂದು ಗಾಬರಿಯಾಯಿತು. ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತಿಕೊಂಡು ನೀನು ಮಲಗಿದ್ದೀಯ ಎನ್ನುತ್ತಾಳೆ, ಅದಕ್ಕೇ ಈ ಪತ್ರ.

ಚಿಕ್ಕಪ್ಪನ ಮೇಲೆ ಸಿಟ್ಟಾಗಬೇಡ. ನಮ್ಮ ಪ್ರಯೋಗಾಲಯಕ್ಕೆ ಹುಳು ಹೆಕ್ಕಲು ಸಮುದ್ರಕ್ಕೆ ಇಳಿದ ಅಕ್ಕ ಮೇಲೆ ಬರಲಿಲ್ಲ, ದೋಣಿಯವರು ಅವಳಿಲ್ಲದೆ ಮರಳಿದರು. ವರ್ಷಗಳು ಕಳೆದ ಮೇಲೆ, ಹೋದ ತಿಂಗಳು, ಬರಿಗಾಲಲ್ಲಿ ಬಂದು ಬಾಗಿಲು ತಟ್ಟಿದಳು ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. "ನಮ್ಮ ಹುಡುಗೀನೇ ಅಂತ ಏನು ಗ್ಯಾರಂಟಿ? ಚಿಕ್ಕವಳ ಹತ್ರ ಮಿಷನ್ ಇದೆಯಲ್ಲ, ನೋಡಿ ಹೇಳ್ಲಿ" ಎಂದು ನಿನ್ನ ಪ್ರಾಣ ಹಿಂಡಿ, ಅವಳ ಬಾಚಣಿಗೆಯಲ್ಲಿದ್ದ ಕೂದಲನ್ನು ತಾವೇ ಪೊಟ್ಟಣ ಕಟ್ಟಿ ಕಳಿಸಿದರು. ಉತ್ತರ ಬರುವವರೆಗೂ ನಿನಗೆ ನಿದ್ದೆಯಿಲ್ಲ ಎಂದಿದ್ದೀಯ.

ಅಮ್ಮ, ಯಾರು ಯಾರಿಗೆ ನಂಟರು ಎಂದು ಹೇಳುವುದು ಸುಲಭವಲ್ಲ. ಬೆನ್ನುಮೂಳೆ ಇಲ್ಲದ ಜೀವಿಗಳನ್ನು ಇಟ್ಟುಕೊಂಡು ಇಷ್ಟು ವರ್ಷ ಅದೇನು ಮಾಡ್ತೀಯೇ ಎಂದು ಕೇಳುತ್ತಿದ್ದೆಯಲ್ಲ, ಇದನ್ನೇ. ಪ್ರಾಣಿಗಳ ವಂಶವೃಕ್ಷ ಬರೆಯುತ್ತೇವೆ, ಅಳಿಸುತ್ತೇವೆ, ಕಿತ್ತಾಡುತ್ತೇವೆ. ಎಲ್ಲಕ್ಕಿಂತ ಮೊದಲು ಬೇರೆಯಾದದ್ದು ಸಮುದ್ರದ ತಳದ ಸ್ಪಂಜೋ, ನೀರಲ್ಲಿ ತೇಲುವ ಬಾಚಣಿಗೆ ಜೆಲ್ಲಿಯೋ ಎಂಬ ಮಾತಿಗೆ ನಮ್ಮ ಮೇಡಂ ಮತ್ತು ಎದುರು ಕೋಣೆಯವರು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ದೊಡ್ಡ ಕೊಂಬೆಗಳೆಲ್ಲ ಬಹಳ ಹಿಂದೆ, ಒಂದರ ಬೆನ್ನಿಗೊಂದು ಒಡೆದುಬಿಟ್ಟಿವೆ. ಗುರುತುಗಳು ಅಳಿಸಿಹೋಗಿವೆ. ಒಂಟಿಯಾಗಿ ಬಹಳ ಬದಲಾದ ಎರಡು ಜೀವಿಗಳನ್ನು ಕಂಪ್ಯೂಟರ್ ಅಕ್ಕತಂಗಿಯರೆಂದು ಪಕ್ಕಪಕ್ಕ ಕೂರಿಸುತ್ತದೆ, ಅವಕ್ಕೆ ಏನೇನೂ ಸಂಬಂಧವಿರುವುದಿಲ್ಲ.

ಒಂದು ಹುಳುವಿದೆ. ಮಿದುಳಿಲ್ಲ, ಬಾಯಿ ಮಾತ್ರ ಇದೆ. ಪರೀಕ್ಷೆ ಮಾಡಿದವರಿಗೆಲ್ಲ ಅದು ಕಪ್ಪೆಚಿಪ್ಪಿನ ಸಂಬಂಧಿ ಎಂದೇ ಕಂಡಿತು. ಆಮೇಲೆ ಗೊತ್ತಾಯಿತು, ಅದು ಕಪ್ಪೆಚಿಪ್ಪನ್ನು ತಿಂದಿತ್ತು. ತಿಂದದ್ದರ ಗುರುತನ್ನೇ ಎಲ್ಲರೂ ಅದರ ಗುರುತು ಎಂದುಕೊಂಡಿದ್ದರು. ಅಕ್ಕ ಹೆಕ್ಕಲು ಇಳಿದದ್ದು ಅದನ್ನೇ.

ಇರಲಿ, ನಿನಗೆ ಬೇಕಾದದ್ದು ಉತ್ತರ. ಕೂದಲನ್ನು ನಾನೇ ಪರೀಕ್ಷಿಸಿದೆ. ನಂಬಿಕೆ ಬರದೆ ಮತ್ತೆ ಮಾಡಿದೆ. ಮೇಡಂ ಹಾಳೆ ನೋಡಿ, "ಏನಮ್ಮಾ, ಏನೇನೋ ಕಲಸಿಬಿಟ್ಟಿದ್ದೀಯ, ಕೈ ತೊಳ್ಕೊಂಡು ಮತ್ತೆ ಮಾಡು" ಎಂದು ನಕ್ಕರು. ಮತ್ತೆ ಮಾಡಿದೆ. ಅನುಮಾನ ಬೇಡ, ಅವಳು ನಿನ್ನ ಮಗಳೇ. ಚಿಕ್ಕಪ್ಪನಿಗೂ ಹಾಗೆಂದೇ ಹೇಳು.

ಅವಳು ಬಂದಾಗಿನಿಂದ ಮನೆಯಲ್ಲಿ ಜಗಳವಿಲ್ಲ, ಸಿಡುಕಿಲ್ಲ, ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟುಕೊಂಡು ಕೂತು ನೀನು ಹೇಳಿದ ಮಾತನ್ನೇ ತಿರುಗಿ ಹೇಳುತ್ತಾಳೆ ಎಂದು ಬರೆಸಿದ್ದೀಯ. ನೀನು ಇಷ್ಟು ಸಂತೋಷವಾಗಿದ್ದದ್ದು ನನಗೆ ನೆನಪೇ ಇಲ್ಲ. ಆದರೆ ಹೊಟ್ಟೆತುಂಬ ಉಂಡರೂ ನಿನಗೆ ಸುಸ್ತು, ಉಂಗುರ ಬೆರಳಿನಿಂದ ಜಾರಿ ಬೀಳುತ್ತದೆ, ಬೆಳಗಾದರೆ ಅಕ್ಕನ ಹೆಸರೇ ಬಾಯಿಗೆ ಬರುವುದಿಲ್ಲ ಎಂದೂ ಇದೆ. ಅದನ್ನು ಓದಿದ ಕೂಡಲೇ ಇಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಈ ವಾರವೇ ಬಂದುಬಿಡು. ನನ್ನ ಕೋಣೆ ಚಿಕ್ಕದು, ಮಂಚ ಒಂದೇ, ಆದ್ದರಿಂದ ಒಬ್ಬಳೇ ಬಾ. ಬಟ್ಟೆಬರೆ ಕಟ್ಟುತ್ತ ಕೂರಬೇಡ, ಇಲ್ಲೇ ಕೊಂಡರಾಯಿತು. ಬಸ್ಸು ನಿಲ್ಲುವ ಜಾಗದಲ್ಲಿ ನಾನು ನಿಂತಿರುತ್ತೇನೆ.

ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ, ಅಮ್ಮ. ತುಂಬಾ.

ನಿನ್ನ ಚಿಕ್ಕ ಮಗಳು,
ಮೊಂಡಿ

ಮರೆತ ಮಾತು: ಓದುತ್ತಿರುವವಳೇ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಹುಳುವಿನ ಕಥೆ ಬರೆದದ್ದು ನಿನಗೆ. ಕೂದಲನ್ನು ತುಂಡು ತುಂಡಾಗಿ ಪರೀಕ್ಷಿಸಿದೆ. ಹಳೆಯ ತುದಿಯಲ್ಲಿ ಅಕ್ಕ ಇದ್ದಾಳೆ. ಈಚೆಗೆ ಬೆಳೆದ ಬುಡದಲ್ಲಿ ಅಮ್ಮ ಇದ್ದಾಳೆ. ಉಳಿದದ್ದು, ಅಂದರೆ ನಿನ್ನದು, ಮರದ ಯಾವ ಕೊಂಬೆಯ ಮೇಲೂ ಕೂರುತ್ತಿಲ್ಲ. ನೀನು ಏನು ಎಂದು ನಾನು ಯಾರಿಗೂ ಹೇಳಿಲ್ಲ, ಹೇಳಿದರೆ ನಂಬುವವರೂ ಇಲ್ಲ. ಅಮ್ಮನನ್ನು ಬಸ್ಸು ಹತ್ತಿಸು. ಅವಳು ಇಲ್ಲಿ ಇಳಿದ ಕೂಡಲೇ ಅದೇ ಬಸ್ಸಿನಲ್ಲಿ, ಅವಳ ಬದಲಿಗೆ, ನಾನು ನಿನ್ನ ಹತ್ತಿರ ಬರುತ್ತೇನೆ.