ಸಹಿ ಹಾಕುವ ಮುನ್ನ

ಹನ್ನೊಂದನೇ ತಾರೀಖು, ಶುಕ್ರವಾರ

ನನ್ನ ಗುಬ್ಬಿಗೆ,

ಇವತ್ತು ನನ್ನ ಉಪವಾಸ. ಎದ್ದು ಬಾಗಿಲು ತೊಳೆದು, ನೀರು ತುಂಬಿಸಿ, ದೇವರ ಮುಂದೆ ದೀಪ ಹಚ್ಚಿ, ನಿನ್ನ ಭಾವನಿಗೆ ಡಬ್ಬಿ ಕಟ್ಟಿಕೊಟ್ಟು, ಎರಡು ಬಕೆಟ್ ಬಟ್ಟೆ ಒಗೆದು ಹಾಕಿ ಈಗ ಕೂತಿದ್ದೇನೆ. "ಊರೋರ ಬಟ್ಟೆಗೆಲ್ಲ ಮಿಷನ್ನು, ಮನೇದಕ್ಕೆ ಮಾತ್ರ ಕೈ" ಎಂದು ನಗುತ್ತಾ ಹೋದರು ನಿನ್ನ ಭಾವ. ಕೆಲಸಕ್ಕೆ ರಜೆ ಹಾಕಿದ್ದೇನೆ. ಹೊಟ್ಟೆ ಖಾಲಿಯಿದ್ದರೆ ತಲೆ ಹತ್ತಿಯ ಹಾಗೆ ಹಗುರ. ಹಗ್ಗದ ಮೇಲಿನ ಬಟ್ಟೆಗಳ ನೆರಳು ಗೋಡೆಯ ಮೇಲೆ ತೂಗುವುದನ್ನು ನೋಡುತ್ತಾ ಎಷ್ಟು ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆನೋ.

ನೀನು ಅಣ್ಣನ ಮನೆಗೆ ಹೋಗಿ ಎರಡು ತಿಂಗಳಾಯಿತು. ಅಕ್ಕ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲೂ ಊಟ ಆಯ್ತಾ, ನೋವು ಕಮ್ಮಿಯಾ ಎನ್ನುವಷ್ಟರಲ್ಲೇ ಮುಗಿಸಿಬಿಡುತ್ತೇನೆ. ನಿನ್ನ ದನಿ ಕೇಳಿದರೆ ನನ್ನ ನಾಲಗೆ ಕಟ್ಟುತ್ತದೆ ಗುಬ್ಬಿ. ಕಾಗದಕ್ಕಾದರೆ ಕಣ್ಣಿಲ್ಲ.

ಮೊದಲು ಮುಖ್ಯವಾದ ಮಾತು. ಸೋಮವಾರ ಕಂಪನಿಯವನು ಪೇಪರು ತಂದರೆ ಸಹಿ ಹಾಕಬೇಡ. ಎಡಗೈ ಹೆಬ್ಬೆಟ್ಟನ್ನೂ ಒತ್ತಬೇಡ. "ಕೊಟ್ಟಷ್ಟು ತಗೊಂಡು ಸುಮ್ನಾಗ್ತೀನಿ, ತಪ್ಪು ನಂದೇ ತಾನೇ" ಎಂದು ನೀನು ಹೇಳಿದ್ದನ್ನು ಅತ್ತಿಗೆ ನನ್ನ ಕಿವಿಗೆ ಹಾಕಿದರು. ಅದಕ್ಕೇ ನಿನ್ನೆ, ನಿನಗೂ ಹೇಳದೆ, ಕೆಲಸದಲ್ಲಿ ಏಟು ತಿಂದವರ ಕೇಸು ನೋಡುವ ಒಬ್ಬ ವಕೀಲಮ್ಮನ ಹತ್ತಿರ ಹೋಗಿದ್ದೆ.

ಅವರ ಆಫೀಸು ಕೊಡೆ ರಿಪೇರಿ ಅಂಗಡಿಯ ಮೇಲಿದೆ. ಮೆಟ್ಟಿಲ ಉದ್ದಕ್ಕೂ ಬಿಚ್ಚಿದ ಕೊಡೆಗಳನ್ನು ತೂಗುಹಾಕಿದ್ದಾರೆ. ಕಿಟಕಿಯ ಬೆಳಕು ಅವುಗಳ ಬಟ್ಟೆಯಲ್ಲಿ ಸೋಸಿ, ನನ್ನ ಕೈಯೆಲ್ಲ ಒಮ್ಮೆ ನೀಲಿ, ಒಮ್ಮೆ ಕೆಂಪು. ಯಾರದೋ ಕನಸಿನೊಳಗೆ ತಪ್ಪಿ ಹತ್ತಿಹೋದ ಹಾಗಾಯಿತು.

"ಏಟು ನಿಮಗಾ ಅಮ್ಮಾ?" ಎಂದರು.

"ನನಗಲ್ಲ ಮೇಡಂ, ತಂಗಿಗೆ."

"ಮತ್ತೆ ನೀವ್ಯಾಕೆ ಹಿಂಗೆ ಬೆವರ್ತಿದ್ದೀರ? ಕೂತ್ಕೊಳಿ. ಇಲ್ಲಿ ಬಂದೋರನ್ನ ಯಾರೂ ಹಿಡ್ಕೊಂಡು ಹೋಗಲ್ಲ."

ಎಲ್ಲ ಹೇಳಿದೆ. ಹೋಟೆಲುಗಳ ಹಾಸಿಗೆ ಬಟ್ಟೆ ನಾವಿಬ್ಬರೂ ದುಡಿಯುವ ಲಾಂಡ್ರಿಗೆ ಬರುವುದು, ನೀನು ಬಿಸಿ ರೋಲರಿನ ಬಾಯಿಗೆ ಅದನ್ನು ಹರಡಿ ಕೊಡುವುದು, ಕೈ ಹತ್ತಿರ ಹೋದರೆ ಮಿಷನ್ ನಿಲ್ಲಿಸುವ ಗಾರ್ಡಿನ ಪಟ್ಟಿ, ಅಗಲದ ಬಟ್ಟೆ ಸಿಕ್ಕಿಕೊಳ್ಳುತ್ತದೆಂದು ಆ ವಾರ ಮೇಸ್ತ್ರಿ ಅದನ್ನು ಬಿಚ್ಚಿಸಿದ್ದು, ಬಟ್ಟೆಯ ಜೊತೆ ನಿನ್ನ ಬಲಗೈಯ ಮೂರು ಬೆರಳು ಹೋದದ್ದು. ಅಷ್ಟು ಹೇಳುವಷ್ಟರಲ್ಲಿ ವಕೀಲಮ್ಮ ಎದ್ದು ನೀರು ಕೊಟ್ಟರು.

"ಎಲ್ಲಾದಕ್ಕೂ ವಕೀಲರು ಬೇಕಾ ಮೇಡಂ?" ಎಂದು ಕೇಳಿಯೇಬಿಟ್ಟೆ. ನಿನಗೆ ಗೊತ್ತಲ್ಲ ನನ್ನ ಬಾಯಿ.

ಅವರು ನಕ್ಕರು. "ಬೇಕು ಅಂದ್ರೆ ನಂಗೇ ಲಾಭ. ಆದ್ರೆ ಬೇಡಮ್ಮ. ಸಣ್ಣ ಗಾಯ, ಹತ್ತು ದಿನಕ್ಕೆ ಮಾಯ್ತು, ಕಂಪನಿಯೋರು ತಪ್ಪು ಒಪ್ಕೊಂಡು ಆಸ್ಪತ್ರೆ ಖರ್ಚು, ಹೋದ ಕೂಲಿ ಎಲ್ಲಾ ಕೊಟ್ರು ಅಂದ್ರೆ ನೀವೇ ಒಂದು ಅರ್ಜಿ ಬರೆದು ತಗೋಬಹುದು. ನಿಮ್ಮ ತಂಗಿ ಕೈ ಮೊದಲಿನ ಹಾಗೆ ಆಗುತ್ತಾ?"

"ಡಾಕ್ಟರು ಆಗಲ್ಲ ಅಂದ್ರು."

"ಕಂಪನಿಯೋರು ತಪ್ಪು ಯಾರ್ದು ಅಂತಾರೆ?"

"ಅವಳದೇ ಅಂತಾರೆ."

"ಸಹಿಗೆ ಅವಸರ ಮಾಡ್ತಿದ್ದಾರಾ?"

"ಸೋಮವಾರನೇ ಬರ್ತಾರಂತೆ."

"ಹಂಗಾದ್ರೆ ಬೇಕು" ಎಂದರು, ಅಷ್ಟೇ.

ಆ ಪೇಪರಿನಲ್ಲಿ 'ಇನ್ನು ಮುಂದೆ ಯಾವ ತಕರಾರೂ ಇಲ್ಲ' ಎಂಬ ಸಾಲು ಇದ್ದೇ ಇರುತ್ತದಂತೆ. ಒಮ್ಮೆ ಸಹಿ ಬಿದ್ದರೆ ಅದನ್ನು ಬಿಡಿಸುವುದು ಬಲು ಕಷ್ಟವಂತೆ. ಪರಿಹಾರ ಎಂದರೆ ಈವರೆಗಿನ ಬಿಲ್ಲು ಮಾತ್ರವಲ್ಲ, ಆ ಕೈ ಮುಂದೆ ದುಡಿಯಬೇಕಿದ್ದ ವರ್ಷಗಳೂ ಅದರಲ್ಲಿ ಸೇರಬೇಕಂತೆ. ನಾನು ಆ ವರ್ಷಗಳನ್ನು ನೆನೆದೆ. ನಿನಗಿನ್ನೂ ಮೂವತ್ತೆಂಟು. ಡಾಕ್ಟರ ಚೀಟಿ, ಮಾತ್ರೆಯ ಬಿಲ್ಲು ಒಂದನ್ನೂ ಎಸೆಯಬೇಡ. ಅತ್ತಿಗೆಗೆ ಹೇಳಿ ಕೈಯ ಫೋಟೊ ತೆಗೆಸಿಡು. ಇದಕ್ಕೆಲ್ಲ ಇಷ್ಟು ದಿನ ಎಂಬ ಗಡುವಿದೆಯಂತೆ, ನಾವು ಅದರೊಳಗೇ ಇದ್ದೇವೆ.

ಆಮೇಲೆ ಚೆಕಿಂಗ್ ಪುಸ್ತಕದ ಮಾತು ಬಂತು. ರೋಲರಿನ ಮುಂದೆ ನಿಲ್ಲುವವಳು ಬೆಳಿಗ್ಗೆ ಗಾರ್ಡು ನೋಡಿ 'ಸರಿಯಿದೆ' ಎಂಬ ಸಾಲಿನ ಎದುರು ಸಹಿ ಹಾಕಬೇಕು, ಹಾಜರಿಯೂ ಅದೇ ಪುಸ್ತಕ, ತಡವಾದರೆ ಅರ್ಧ ದಿನದ ಕೂಲಿ ಕಟ್ ಎಂದೆ. ಆ ದಿನದ ಸಾಲಿನಲ್ಲಿ ನಿನ್ನ ಸಹಿ ಇದೆ ಎಂದು ಕಂಪನಿಯವರು ಅದನ್ನೇ ಹಿಡಿದು ಕೂತಿದ್ದಾರೆಂದೂ ಹೇಳಿದೆ.

"ಗಾರ್ಡು ಇಡೋದು ಕಂಪನಿ ಕೆಲಸ, ಅದನ್ನ ಬಿಡಲ್ಲ. ಆದ್ರೆ ಆ ಸಹಿ ನಮ್ಮ ಕಾಲಿಗೆ ಸಿಕ್ಕಿದ ಹಗ್ಗ. ನಿಮ್ಮ ತಂಗಿ ನೋಡಿ ಹಾಕಿದ್ರಾ, ನೋಡದೆ ಹಾಕಿದ್ರಾ?"

"ಆ ಬೆಳಿಗ್ಗೆಯೇ ಅವಳಿಗೆ ನೆನಪಿಲ್ಲ ಮೇಡಂ. ಎಲ್ಲಾ ಮಂಜು ಮಂಜು ಅಂತಾಳೆ."

"ಹತ್ತಿರ ಇದ್ದೋರು ಯಾರಾದ್ರೂ?"

ನಾನು ಇನ್ನೊಂದು ಲೋಟ ನೀರು ಕುಡಿದೆ.

ಮನೆಗೆ ಬಂದು ಗೋಡೆಗೆ ಒರಗಿದ್ದೇ ಜೊಂಪು ಹತ್ತಿತು. ಲಾಂಡ್ರಿಯ ತುಂಬಾ ಆವಿ. ಛಾವಣಿಯಿಂದ ನೆಲದ ತನಕ ಬಿಳಿ ಬಟ್ಟೆಗಳು ಇಳಿಬಿದ್ದಿವೆ. ಆಚೆ ನೀನು ಯಾವುದೋ ಹಾಡು ಗುನುಗುತ್ತಾ ನಡೆಯುತ್ತಿದ್ದೀಯ. ಒಂದು ಬಟ್ಟೆ ಸರಿಸಿದರೆ ಇನ್ನೊಂದು, ಅದನ್ನು ಸರಿಸಿದರೆ ಮತ್ತೊಂದು. ಎಲ್ಲ ಬೆಚ್ಚಗೆ, ಮೆತ್ತಗೆ, ಹೂವಿನ ಹಾಗೆ. ಎಚ್ಚರವಾದಾಗ ನನ್ನ ಎರಡು ಕೈಯೂ ಗಾಳಿಯಲ್ಲಿ ಚಾಚಿದ್ದವು.

ವಕೀಲಮ್ಮನ ಫೋನ್ ನಂಬರ್ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ನೀನು ಹೂಂ ಎಂದರೆ ಕಂಪನಿಗೆ ಅವರೇ ಬರೆಯುತ್ತಾರೆ. ಅಣ್ಣ ಕೋರ್ಟು ಎಂದರೆ ಕೂಗಾಡುತ್ತಾನೆ, ಕೂಗಾಡಲಿ ಬಿಡು, ಎರಡು ಲೋಟ ಕಾಫಿಗೆ ತಣ್ಣಗಾಗುತ್ತಾನೆ. ದೇವರು ನಿನ್ನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಕಾಯಲಿ. ನೂರು ವರ್ಷ ಬಾಳು.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪುಸ್ತಕದಲ್ಲಿರುವ ಆ ಸಹಿ ನಿನ್ನದಲ್ಲ ಗುಬ್ಬಿ, ನನ್ನದು. ಆ ದಿನ ನೀನು ಬರುವುದು ಹತ್ತು ನಿಮಿಷ ತಡವಾಯಿತು. ಕೂಲಿ ಹೋಗದಿರಲಿ ಎಂದು, ನಾವೆಲ್ಲ ಒಬ್ಬರಿಗೊಬ್ಬರು ಹಾಕುವ ಹಾಗೆ, ಗಾರ್ಡಿನ ಕಡೆ ತಿರುಗಿಯೂ ನೋಡದೆ ಹಾಕಿಬಿಟ್ಟೆ. ಚಿಕ್ಕವಳಿದ್ದಾಗ ನಿನ್ನ ಕೈ ಹಿಡಿದು ಹೆಸರು ಬರೆಯಲು ಕಲಿಸಿದವಳು ನಾನೇ. ನಿನ್ನ ಸಹಿಗೂ ನಾನು ಹಾಕಿದ ನಿನ್ನ ಸಹಿಗೂ ದೇವರೇ ವ್ಯತ್ಯಾಸ ಹೇಳಬೇಕು. ಆಸ್ಪತ್ರೆಯಲ್ಲಿ ನೀನು "ನೋಡದೆ ಸಹಿ ಹಾಕಿದ್ನೇನೋ ಅಕ್ಕಾ" ಎಂದು ಅತ್ತಾಗ ನಾನು "ದೇವರ ಇಚ್ಛೆ" ಎಂದೆ. ನನ್ನ ತಪ್ಪನ್ನು ಅವನ ತಲೆಗೆ ಕಟ್ಟಿದೆ. ಅಂದಿನಿಂದ ಅವನೆದುರು ಕಣ್ಣೆತ್ತಲು ಆಗುತ್ತಿಲ್ಲ.

ನಿನ್ನೆ ಮನೆಯಲ್ಲಿ ಎಚ್ಚರವಾದ ಮೇಲೆ ಮತ್ತೆ ಆ ಮೆಟ್ಟಿಲು ಹತ್ತಿದೆ. ಎಲ್ಲ ಹೇಳಿದೆ. "ನಿಮ್ಮ ಕೆಲಸ ಹೋಗಬಹುದು, ಗೊತ್ತಲ್ವಾ?" ಎಂದರು ವಕೀಲಮ್ಮ. ಗೊತ್ತು ಎಂದೆ. ನನ್ನ ಹೇಳಿಕೆ ಎಂದು ಅವರು ಬರೆದ ಹಾಳೆಯನ್ನು ಎರಡು ಸಲ ಓದಿಸಿಕೊಂಡು ಕೆಳಗೆ ಸಹಿ ಹಾಕಿದೆ. ನನ್ನ ಹೆಸರನ್ನೇ.

ಈ ಕಾಗದ ತಂದವನು ನಮ್ಮ ಪಕ್ಕದ ಮನೆಯ ಬಡಗಿ, ನಿಮ್ಮ ಬೀದಿಯಲ್ಲೇ ಅವನಿಗೆ ಕೆಲಸ. ಭಾನುವಾರ ಸಂಜೆ ಹೊರಡುವ ಮುಂಚೆ ಬಂದು ಉತ್ತರ ತಗೊಂಡು ಬಾ ಎಂದು ಹೇಳಿದ್ದೇನೆ. ಬರೀ ಬೈಗುಳವಾದರೂ ಸರಿ, ಎಡಗೈಯಲ್ಲಿ ಸೊಟ್ಟಗಾದರೂ ಸರಿ, ಬೇರೆಯವರ ಕೈಯಲ್ಲಿ ಬರೆಸಬೇಡ. ಅವನನ್ನು ಬರಿಗೈಯಲ್ಲಿ ಕಳಿಸಬೇಡ.