ನೇರಳೆ ನಾಲಿಗೆಯ ತಕರಾರು

ಸಾನ್ ಪಾಬ್ಲೊ, ಲಗೂನಾ
ಮೇ 21, ಮಂಗಳವಾರ

ಪ್ರೀತಿಯ ಮಗಳೇ ಪೆರ್ಲಿತಾ,

ಮೊದಲು ನಿನ್ನ ಆರೋಗ್ಯ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡುತ್ತೀಯೋ, ಇಲ್ಲ ಆ ಯಜಮಾನರ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಒಲೆ ಪಕ್ಕ ನಿಂತೇ ತಿಂದು ಮುಗಿಸುತ್ತೀಯೋ? ಮೊಣಕಾಲು ನೋವು ಹೇಗಿದೆ? ರಾತ್ರಿ ನಿದ್ದೆ ಬರುತ್ತದೆಯೇ? ಹಾಂಗ್‌ಕಾಂಗಿನಲ್ಲಿ ಸೆಖೆ ಶುರುವಾಗಿರಬೇಕು. ಇಲ್ಲಿಯ ಬಿಸಿಲಿಗೆ ನಮ್ಮ ಕೋಳಿಗಳು ನೇರವಾಗಿ ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿವೆ. ಸರಿ, ಕುಶಲ ಕೇಳಿದ್ದಾಯಿತು. ಇನ್ನು ಜಗಳ.

ನನಗೆ ಸಿಟ್ಟು ಬಂದಿದೆ. ಪಾದ್ರಿಯ ಕೊಡೆಯೊಳಗೆ ಅಕ್ಕಿ ತುಂಬಿಸಿಟ್ಟು ಮಳೆ ಬಂದ ದಿನ ಬಿಚ್ಚಿಸಿದ ನಿನ್ನಪ್ಪ, ಊರಿಗೆಲ್ಲ ನಗುವಿನ ಗುತ್ತಿಗೆದಾರ, ಇವತ್ತು ಹಲ್ಲು ಕಡಿಯುತ್ತ ಬರೆಯುತ್ತಿದ್ದೇನೆ. ಹಲ್ಲು ನನ್ನದಲ್ಲ, ಕಟ್ಟಿಸಿದ್ದು, ಆದರೂ ಕಡಿಯುತ್ತಿದ್ದೇನೆ. ಬರುವ ಶನಿವಾರ ಗುಜರಿಯವನು ಬಂದು ನನ್ನ ಐಸ್‌ಕ್ರೀಮ್ ಕಡೆಯುವ ಪೀಪಾಯಿಯನ್ನು ಹೊತ್ತುಕೊಂಡು ಹೋಗುತ್ತಾನಂತೆ. ಅಪ್ಪಣೆ ನಿನ್ನದಂತೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಮ್ಮ ಮನೆತನದ ಆ ಗುಂಪಿನಲ್ಲಿ ನಾನು ಕೆಮ್ಮಿದರೂ ಇಪ್ಪತ್ತಾರು ಜನ ಕೇಳಿಸಿಕೊಳ್ಳುತ್ತಾರೆ, ಹದಿನೆಂಟು ಜನ ಅಳುವ ಮುಖ ಕಳಿಸುತ್ತಾರೆ. ಅದಕ್ಕೇ ಈ ಕಾಗದ. ರಜೆ ಮುಗಿಸಿ ಗುರುವಾರ ನಿನ್ನ ಹಾಂಗ್‌ಕಾಂಗಿಗೇ ವಾಪಸಾಗುವ ಪಕ್ಕದ ಮನೆಯ ಸಾಲ್ವಿಂಗ್ ಕೈಯಲ್ಲಿ, ಒಣಮೀನಿನ ಪೊಟ್ಟಣದ ಕೆಳಗಿಟ್ಟು ಕಳಿಸುತ್ತಿದ್ದೇನೆ. ನಾತ ಬಂದರೆ ಅದು ಮೀನಿನದು, ನನ್ನ ಮಾತಿನದಲ್ಲ.

ಆ ಪೀಪಾಯಿ ನಿನಗೆ ಗುಜರಿಯಾಗಿ ಹೇಗೆ ಕಂಡಿತು ಮಗಳೇ? ಮೂವತ್ತೆಂಟು ವರ್ಷ ಅದರೊಳಗೆ ಐಸು, ಉಪ್ಪು ಸುರಿದು, ನಡುವೆ ತಗಡಿನ ಡಬ್ಬಿ ನಿಲ್ಲಿಸಿ, ತೋಳು ಬೀಳುವವರೆಗೆ ತಿರುಗಿಸಿದ್ದೇನೆ. ನಿಮ್ಮಮ್ಮ ತೆಂಗಿನ ಹಾಲು ಹಿಂಡಿ ಸುರಿಯುತ್ತಿದ್ದಳು. ನೀನು ಸ್ಕೂಲಿನ ಬಿಳಿ ಅಂಗಿಯಲ್ಲೇ ಬಂದು, ಕಡೆದ ಮರದ ಹುಟ್ಟನ್ನು ನೆಕ್ಕಿ, ಮೂಗಿನ ತುದಿಗೆ ಊಬೆ ಗೆಣಸಿನ ನೇರಳೆ ಬಣ್ಣ ಮೆತ್ತಿಕೊಂಡು, ‘ನಾನು ಮುಟ್ಟೇ ಇಲ್ಲಪ್ಪಾ’ ಅನ್ನುತ್ತಿದ್ದೆ. ಮೂಗೇ ಸಾಕ್ಷಿ ಹೇಳುತ್ತಿತ್ತು. ನಾನು ಯಾವತ್ತಾದರೂ ನಿನ್ನ ಮೇಲೆ ಕೇಸು ಹಾಕಿದೆನೇ?

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಈ ಒಂಬತ್ತು ವರ್ಷವೂ ನೀನು ಹದವಾಗಿಯೇ ಇದ್ದೆ. ಹೋದ ಕ್ರಿಸ್ಮಸ್ಸಿನಲ್ಲಿ ಕೂಡ ಫೋನಿನಲ್ಲಿ, ‘ಒಂದ್ ಚಮಚ ತಿನ್ನಪ್ಪಾ, ಮುಖ ಯಾಕೆ ಹಾಗೆ ಜೋಲು ಹಾಕ್ತೀಯ’ ಅಂದವಳು ನೀನೇ. ಜನವರಿಯಲ್ಲಿ ಏನು ಬಡಿಯಿತೋ, ಇದ್ದಕ್ಕಿದ್ದಂತೆ ವಿಡಿಯೋದಲ್ಲಿ ಇಪ್ಪತ್ತಾರೂ ಜನರನ್ನು ಕೂಡಿಸಿ, ‘ಅಪ್ಪಂಗೆ ಯಾರಾದ್ರೂ ಐಸ್‌ಕ್ರೀಮ್ ಕೊಟ್ರೆ ಅವ್ರ ಜೊತೆ ನನ್ ಮಾತು ಬಂದ್’ ಅಂತ ಅತ್ತುಕೊಂಡು ಸಾರಿಬಿಟ್ಟೆ. ನಿನ್ನ ಅತ್ತಿಗೆ ನೆನೆತ್‌ಗೆ ಅಷ್ಟೇ ಸಾಕು. ಅವಳು ಪೊಲೀಸು ಕೆಲಸ ಸಿಗಲಿಲ್ಲವೆಂದು ನಿನ್ನಣ್ಣನನ್ನು ಮದುವೆಯಾದವಳು. ‘ಮಾವಾ, ಐಸು ತಿಂದ್ರೆ ಆಯಸ್ಸು ಕಮ್ಮಿ’ ಎಂದಳು. ‘ಐಸು ಬಿಟ್ರೆ ಆಯಸ್ಸು ಜಾಸ್ತಿ ಆಗಲ್ಲಮ್ಮ, ಜಾಸ್ತಿ ಅಂತ ಅನ್ಸುತ್ತೆ ಅಷ್ಟೇ’ ಎಂದೆ. ನಗಲಿಲ್ಲ. ನಗದ ಹೆಂಗಸಿನ ಕೈಯ ಅಡಿಗೆ ತಿಂದು ಬದುಕುವುದೂ ಒಂದು ಕಾಯಿಲೆಯೇ, ಅದಕ್ಕೆ ಮಾತ್ರೆ ಇಲ್ಲ.

ಅದನ್ನೂ ಸಹಿಸಿದೆ. ನನ್ನ ಶಿಷ್ಯ ಬಾದೋಂಗ್ ಮಾಡಿದ್ದನ್ನು ಸಹಿಸಲಾಗುತ್ತಿಲ್ಲ. ಕೈ ಸೋತ ಮೇಲೆ ನನ್ನ ತಳ್ಳುಗಾಡಿಯನ್ನೂ ಹಿತ್ತಾಳೆ ಗಂಟೆಯನ್ನೂ ಅವನಿಗೆ ಕೊಟ್ಟದ್ದು ನಿನಗೆ ಗೊತ್ತು. ಮಧ್ಯಾಹ್ನ ಮೂರಕ್ಕೆ ಅವನ ಗಾಡಿ ನಮ್ಮ ಬೀದಿಗೆ ಬರುತ್ತದೆ. ಗಂಟೆ ಕೇಳಿದರೆ ನಾನು ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ತಿನ್ನಲಿಕ್ಕಲ್ಲ, ಕೇಳಲಿಕ್ಕೆ. ಜನವರಿಯ ಮೇಲೆ ಗಾಡಿ ಬರುತ್ತದೆ, ಗಂಟೆ ಬರುವುದಿಲ್ಲ. ಒಂದು ದಿನ ಬಾಗಿಲಿಗೆ ಹೋಗಿ ನೋಡಿದರೆ, ಗಂಟೆಯ ನಾಲಿಗೆಗೆ ಹಳೇ ಬನಿಯನ್ನಿನ ಚೂರು ಸುತ್ತಿ ಗಂಟು ಹಾಕಿದ್ದಾನೆ! ನನ್ನ ಮನೆ ದಾಟಿದ ಮೇಲೆ ಬಿಚ್ಚುತ್ತಾನೆ. ‘ತಪ್ಪಾಯ್ತು ಗುರುವೇ, ಪೆರ್ಲಿತಾ ನನ್ ಕೈಲಿ ಆಣೆ ಹಾಕ್ಸಿದ್ದಾಳೆ’ ಎಂದ. ಅರವತ್ತರ ಹತ್ತಿರದ ಗಂಡಸು ಕಣ್ಣಲ್ಲಿ ನೀರು ಹಾಕಿಕೊಂಡ. ಗಂಟೆಗೇ ಗಂಟು ಹಾಕಿಸಿದ ಮಗಳನ್ನು ಪಡೆದ ತಂದೆ ಈ ಲಗೂನಾದಲ್ಲಿ ನಾನೊಬ್ಬನೇ. ಶವ ಹೋಗುವಾಗ ಕೂಡ ನಮ್ಮೂರಲ್ಲಿ ಗಂಟೆ ಹೊಡೆಯುತ್ತಾರೆ ಪೆರ್ಲಿತಾ. ನಾನು ಅದಕ್ಕಿಂತ ಕಡೆಯಾದೆ.

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟೆ. ನಾಲ್ಕು ತಿಂಗಳು ಒಂದು ಚಮಚವಿಲ್ಲ, ಒಂದು ಹನಿಯಿಲ್ಲ. ನಿಮ್ಮಮ್ಮನ ಗೋರಿಯಾಣೆ. ಈ ಆಣೆಯನ್ನು ನಾನು ತಮಾಷೆಗೆ ಇಡುವುದಿಲ್ಲ, ನಿನಗೆ ಗೊತ್ತು. ಐಸ್‌ಕ್ರೀಮ್ ನಿಂತಿತು, ಅನ್ನ ನಿಲ್ಲಲಿಲ್ಲ. ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಮಧ್ಯಾಹ್ನ ಅನ್ನ, ಸಾಯಂಕಾಲ ಅಕ್ಕಿಯದೇ ತಿಂಡಿ, ರಾತ್ರಿ ಅನ್ನ. ಸಾಕು ಅಂದರೆ, ‘ಅನ್ನಕ್ಕೇನ್ ಸಿಹಿ ಇರುತ್ತಾ ಮಾವಾ? ಮುನಿಸ್ಕೊಂಡಿದ್ದೀರಾ?’ ನಮ್ಮ ಕಡೆ ಅನ್ನ ಬೇಡ ಅಂದರೆ ಮನೆ ಬೇಡ ಅಂದ ಹಾಗೆ. ತಿಂದೆ.

ಹಿಂದಿನ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ, ಹೂವಿನ ಹಬ್ಬದ ಮೆರವಣಿಗೆ. ನೆನೆತ್ ಹಬ್ಬದಡಿಗೆ ಮಾಡಿದ್ದಳು: ಸಿಹಿ ಸಾಸಿನ ಸ್ಪಾಗೆಟ್ಟಿ, ಬಾಳೆಲೆಯಲ್ಲಿ ಬೇಯಿಸಿದ ಅಕ್ಕಿ ಕಡುಬು, ಮಾವಿನಹಣ್ಣು, ಗುಡ್ಡದಂಥ ಅನ್ನ. ಉಂಡು ಚರ್ಚಿಗೆ ಹೋದೆ. ಚರ್ಚಿನ ಹಿಂದಿನ ನೇರಳೆ ಮರ ಈ ವರ್ಷ ನೆಲ ಕಾಣದಷ್ಟು ಹಣ್ಣು ಉದುರಿಸಿದೆ. ಒಂದು ಹಿಡಿ ತಿಂದೆ. ನಾಲಿಗೆ ಮಸಿ ದೌತಿಯಾಯಿತು. ರಾಣಿಯರ ವೇಷ ಹಾಕಿ ನಿಂತ ಹುಡುಗಿಯರಿಗೆ ಅದನ್ನು ಚಾಚಿ ತೋರಿಸಿ ಹೆದರಿಸಿಯೂ ಬಂದೆ. ವಯಸ್ಸಾದವನಿಗೆ ಇನ್ನೇನು ಸುಖ. ಮೆರವಣಿಗೆ ಮಾರ್ಕೆಟ್ಟಿನ ಮೂಲೆ ತಿರುಗುವಾಗ ಕಣ್ಣು ಕತ್ತಲೆಯಾಯಿತು. ಬಿದ್ದೆ. ಬಿದ್ದದ್ದು ಬ್ಯಾಂಡಿನವರ ದೊಡ್ಡ ಡೋಲಿನ ಮೇಲೆ. ಢಮ್ ಅಂದಿತು. ಜನ ವಾದ್ಯವೆಂದುಕೊಂಡು ಚಪ್ಪಾಳೆ ತಟ್ಟಿದರು.

ಕಣ್ಣು ಬಿಟ್ಟಾಗ ನೆನೆತ್ ನನ್ನ ದವಡೆ ಹಿಡಿದಿದ್ದಾಳೆ. ನೀರು ಕೊಡಲಿಕ್ಕೆ ಅಂದುಕೊಂಡೆ. ‘ಬಾಯಿ ತೆಗೀರಿ ಮಾವಾ! ನಾಲಿಗೆ ಚಾಚಿ!’ ಚಾಚಿದೆ. ‘ನೋಡ್ರಪ್ಪಾ, ನೋಡ್ರಿ! ಊಬೆ ಐಸ್‌ಕ್ರೀಮ್! ಕದ್ದು ತಿಂದವ್ರೆ!’ ‘ನೇರಳೆ ಹಣ್ಣಮ್ಮಾ, ಮರ ಅಲ್ಲೇ ಇದೆ’ ಎಂದೆ. ಇಡೀ ಬೀದಿ ಘೊಳ್ಳೆಂದು ನಕ್ಕಿತು. ‘ತಾಸ್ಯೋ ಮಾವ ಸಾಯೋವಾಗ್ಲೂ ಒಂದು ಬುರುಡೆ ಬಿಡ್ತಾನೆ ನೋಡು’ ಎಂದರು ನನ್ನ ಕಡೆ ಬೆರಳು ತೋರಿಸಿ. ಎಪ್ಪತ್ತೆರಡು ವರ್ಷ ಬಿಟ್ಟ ಬುರುಡೆಯನ್ನೆಲ್ಲ ನಂಬಿದ ಊರು, ಒಂದೇ ಒಂದು ನಿಜ ಹೇಳಿದೆ, ನಂಬಲಿಲ್ಲ. ನನ್ನ ನಾಲಿಗೆಯ ಚಿತ್ರ ಅರ್ಧ ನಿಮಿಷದಲ್ಲಿ ಸಮುದ್ರ ದಾಟಿ ನಿನ್ನ ಕೈ ಸೇರಿತು. ನೀನಾದರೂ ಕೇಳುತ್ತೀಯೆಂದುಕೊಂಡೆ. ‘ಮಾರಿಬಿಡಿ ಆ ಪೀಪಾಯೀನ’ ಅಂತ ಒಂದು ಸಾಲು ಬಂತು. ಕೊಲೆಗಾರನಿಗೂ ವಕೀಲ ಸಿಗುತ್ತಾನೆ. ನೇರಳೆ ತಿಂದವನಿಗೆ ಸ್ವಂತ ಮಗಳೇ ಸಿಗಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ನೋಡಿದರು, ಮುನ್ನೂರ ಎಂಬತ್ತಾರು. ನರ್ಸಮ್ಮ ಡೆಲ್ಫಿನಾ, ಅಲ್ಲಿ ತಲೆ ನೆಟ್ಟಗಿರುವವಳು ಅವಳೊಬ್ಬಳೇ, ಏನೇನು ತಿಂದಿರಿ ಅಂತ ಕೇಳಿದಳು. ನೆನೆತ್ ಎದೆಯುಬ್ಬಿಸಿ, ‘ನಾನಂತೂ ಸಿಹಿ ಏನೂ ಕೊಟ್ಟಿಲ್ಲ ಮೇಡಂ. ಅನ್ನ, ಸ್ಪಾಗೆಟ್ಟಿ, ನಾಕು ಕಡುಬು, ಎರಡು ಮಾವಿನಹಣ್ಣು, ಅಷ್ಟೇ’ ಎಂದಳು. ಡೆಲ್ಫಿನಾ ಪೆನ್ನು ಕೆಳಗಿಟ್ಟಳು. ‘ಅಷ್ಟೇನಾ? ಅಕ್ಕಿ ಮೂಟೆ ಒಂದು ಉಳೀತಲ್ಲಮ್ಮ, ಅದನ್ನೂ ತಿನ್ನಿಸ್ಬಿಡ್ಬೇಕಿತ್ತು’ ಎಂದಳು. ಪೆರ್ಲಿತಾ, ಆ ಕ್ಷಣ ನಾನು ಅವಳನ್ನು ಮದುವೆಯಾಗುತ್ತಿದ್ದೆ, ಅವಳ ಗಂಡ ಹೊರಗೆ ಮೋಟಾರ್‌ಸೈಕಲ್ಲಿನ ಮೇಲೆ ಕೂತಿರದಿದ್ದರೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: ‘ತಾತಾ, ಮಾತ್ರೆ ತಪ್ಪಿಸ್ಬೇಡಿ. ಐಸ್‌ಕ್ರೀಮ್ ಬೇಕಂದ್ರೆ ವಾರಕ್ಕೊಂದ್ಸಲ ಅರ್ಧ ಬಟ್ಲು, ಅದೂ ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡ್ಕೊಳಿ. ರಕ್ತ ನಿಮ್ ಥರ ಬುರುಡೆ ಬಿಡಲ್ಲ.’

ಹೋದ ಶುಕ್ರವಾರ ಬಾದೋಂಗನ ಹಿತ್ತಲಲ್ಲಿ ಕಡೆದೆ. ಮೊದಲು ಹಟಕ್ಕೆ ಸಕ್ಕರೆಯೇ ಹಾಕಲಿಲ್ಲ. ಕಲ್ಲಾಯಿತು, ಚಮಚ ಬಗ್ಗಿತು. ಮೂವತ್ತೆಂಟು ವರ್ಷದ ಕಸುಬಿನವ ಇದನ್ನು ಮರೆತೆನಲ್ಲ ಅಂತ ನನಗೇ ನಾಚಿಕೆಯಾಯಿತು. ಸಕ್ಕರೆ ಬರೀ ಸಿಹಿಗಲ್ಲ, ಮೆದುವಾಗಲಿಕ್ಕೂ ಬೇಕು. ಆಮೇಲೆ ಬೆಣ್ಣೆಹಣ್ಣು ಅರೆದು ಹಾಕಿದೆ, ಎಮ್ಮೆ ಹಾಲು, ಇಡೀ ಡಬ್ಬಿಗೆ ಎರಡೇ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಹಣ್ಣಿನ ಜಿಡ್ಡೇ ಅದನ್ನು ಮೆದುವಾಗಿಟ್ಟಿತು. ತೆಗೆದ ತಕ್ಷಣ ತಿನ್ನಲಿಲ್ಲ. ಅತಿ ತಣ್ಣಗಿದ್ದರೆ ನಾಲಿಗೆ ಜೋಮು ಹಿಡಿದು ಸಿಹಿಯೇ ತಿಳಿಯುವುದಿಲ್ಲ, ಅದಕ್ಕೇ ಜನ ಸಕ್ಕರೆ ಸುರಿಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ಇದ್ದಷ್ಟೇ ಸಿಹಿ ಎದ್ದು ಬರುತ್ತದೆ. ಸುಟ್ಟ ಮೀನು, ಸೊಪ್ಪು ಉಂಡು, ಅನ್ನ ಬಿಟ್ಟು, ಅರ್ಧ ಬಟ್ಟಲು ತಿಂದೆ. ನಾಲ್ಕು ತಿಂಗಳ ಮೇಲೆ. ಬಾದೋಂಗ್ ನನ್ನ ಮುಖ ನೋಡಲಾರದೆ ಗಾಡಿಯ ಚಕ್ರ ಒರೆಸುತ್ತ ಕೂತ. ತಿನ್ನುವ ಮೊದಲು ನೂರ ಮೂವತ್ತೊಂದು ಇತ್ತು. ಎರಡು ಗಂಟೆಯ ಮೇಲೆ ನೂರ ಐವತ್ತೆರಡು. ಡೆಲ್ಫಿನಾ ನೋಡಿ ತಲೆಯಾಡಿಸಿದಳು. ನೆನೆತ್‌ಗೆ ತೋರಿಸಿದರೆ, ‘ನಂಗದೆಲ್ಲಾ ಗೊತ್ತಿಲ್ಲ ಮಾವಾ, ಪೆರ್ಲಿತಾ ಹೇಳ್ಬೇಕು’ ಎಂದಳು.

ಆದ್ದರಿಂದ ಹೇಳು. ಶುಕ್ರವಾರದೊಳಗೆ ಫೋನು ಮಾಡು. ಗಂಟೆಯ ಬಾಯಿಯ ಬಟ್ಟೆ ಬಿಚ್ಚಿಸು, ಪೀಪಾಯಿ ಮುಟ್ಟಬೇಡಿ ಅನ್ನು. ಇಷ್ಟು ಮಾಡದಿದ್ದರೆ ನಾನು ಸತ್ತಾಗ ಬರಬೇಡ. ಬಂದರೂ ನಾನು ಎದ್ದು ಕೂತು ಹೆದರಿಸುತ್ತೇನೆ, ಅಷ್ಟು ಶಕ್ತಿ ಉಳಿಸಿಕೊಂಡಿರುತ್ತೇನೆ.

ಸಿಟ್ಟು ಬೇರೆ, ಆಶೀರ್ವಾದ ಬೇರೆ. ನಿನ್ನ ಹಣೆ ಇಲ್ಲಿಲ್ಲ, ನನ್ನ ಕೈ ಅಲ್ಲಿಲ್ಲ. ಅದಕ್ಕೆ ಈ ಹಾಳೆಯ ಹಿಂದೆ ಕೈಯಿಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೇನೆ. ಅದನ್ನೇ ಹಣೆಗೆ ಒತ್ತಿಕೋ. ದೇವರು ನಿನ್ನ ಮೊಣಕಾಲು ಕಾಯಲಿ.

ಸಿಹಿಯಿಲ್ಲದವನ ಸಹಿ,
ನಿನ್ನಪ್ಪ
ಅನಾಸ್ತಾಸಿಯೋ

ತಾ.ಕ.: ಗಂಟು ಕಟ್ಟಲಿಕ್ಕೆ ಇವತ್ತೇ ಕಾಗದ ಬೇಕಂತ ಸಾಲ್ವಿಂಗ್ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಪೀಪಾಯಿ ಆಗಲೇ ಬಾದೋಂಗನ ಮನೆಯಲ್ಲಿದೆ. ನಮ್ಮ ಮೂಲೆಯಲ್ಲಿ ಗೋಣಿ ಸುತ್ತಿ ಕೂತಿರುವುದು ನೆನೆತಳ ಹಬ್ಬದ ದೊಡ್ಡ ಅನ್ನದ ಹಂಡೆ. ಶನಿವಾರ ಗುಜರಿಗೆ ಹೋಗುವುದು ಅದು, ಅವಳಿಗೆ ಹೇಳಬೇಡ. ಅಂದರೆ ನಿನ್ನ ಅಪ್ಪಣೆಗೆ ಕಾದು ನಾನು ಇಷ್ಟುದ್ದ ಬರೆಯಲಿಲ್ಲ. ನಿನ್ನೆ ಸಾಲ್ವಿಂಗ್ ನನ್ನ ಬೆರಳು ಚುಚ್ಚುವ ಯಂತ್ರ ನೋಡಿ, ‘ಪೆರ್ಲಿತಾ ಅಕ್ಕನ್ ಹತ್ರಾನೂ ಇಂಥದ್ದೇ ಇದೆ’ ಎಂದು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಪೂರ್ತಿ ಹೇಳಿಸಿದೆ, ಅವಳನ್ನು ಬೈಯಬೇಡ. ಜನವರಿಯಿಂದಂತೆ. ಗೊತ್ತಾದರೆ ಯಜಮಾನರು ಕೆಲಸ ಬಿಡಿಸುತ್ತಾರೆಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತೀಯಂತೆ. ಭಾನುವಾರ ಪಾರ್ಕಿನಲ್ಲಿ ಎಲ್ಲರೂ ಐಸ್‌ಕ್ರೀಮ್ ತಿನ್ನುವಾಗ ದೂರದ ಬೆಂಚಿಗೆ ಎದ್ದು ಹೋಗುತ್ತೀಯಂತೆ. ನಿನಗೆ ಹೆದರಿಕೆ, ಶಿಕ್ಷೆ ನನ್ನ ಗಂಟೆಗೆ! ಇದಕ್ಕೆ ಮಗಳೇ ನನಗೆ ಸಿಟ್ಟು, ಉಳಿದದ್ದೆಲ್ಲ ಬರೀ ಕೂಗಾಟ. ಚುಚ್ಚಿಕೋ, ಮುಚ್ಚಿಡಬೇಡ. ಅಲ್ಲೇ ಒಬ್ಬ ಡೆಲ್ಫಿನಾಳನ್ನು ಹುಡುಕು. ಇಲ್ಲಿಯ ಡೆಲ್ಫಿನಾ ಹೇಳಿದ್ದು ಒಬ್ಬೊಬ್ಬರಿಗೆ ಅರ್ಧ ಬಟ್ಟಲು. ಅರ್ಧ ಬಟ್ಟಲಿಗೆ ಪೀಪಾಯಿ ತಿರುಗಿಸುವುದು ನನ್ನ ಕಸುಬಿಗೆ ಅವಮಾನ. ಡಿಸೆಂಬರಿಗೆ ರಜೆಯ ಮೇಲೆ ಬಾ, ಇಬ್ಬರದೂ ಸೇರಿ ಒಂದು ಪೂರ್ತಿ ಬಟ್ಟಲಾಗುತ್ತದೆ. ಕಡೆದ ಹುಟ್ಟನ್ನು ಮಾತ್ರ ನೆಕ್ಕುವ ಹಾಗಿಲ್ಲ. ನೆಕ್ಕಿದರೆ ಮೂಗು ಹೇಳುತ್ತದೆ.