ಬಸ್ ಸ್ಟಾಪಿನಲ್ಲಿ ಒರೆಸಿಕೊಂಡ ಕುಂಕುಮ

ಎರ್ಡಿಂಗ್ಟನ್, ಬರ್ಮಿಂಗ್‌ಹ್ಯಾಮ್
ಅಕ್ಟೋಬರ್ 16, 2024

ಪ್ರೀತಿಯ ದೊಡ್ಡಮ್ಮನಿಗೆ ಜೆಮಿಮಾ ಮಾಡುವ ವಂದನೆಗಳು.

ಮೊದಲು ನನ್ನ ಅಕ್ಷರವನ್ನು ಕ್ಷಮಿಸಿ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಇಲ್ಲಿಗೆ ಬಂದ ಮೇಲಂತೂ ಪೆನ್ನು ಹಿಡಿದದ್ದೇ ಕಡಿಮೆ. ತಪ್ಪುಗಳಿದ್ದರೆ ಓದುವಾಗ ನೀವೇ ತಿದ್ದಿಕೊಳ್ಳಿ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ ಅಣ್ಣನ ಮಕ್ಕಳು ಗಟ್ಟಿಯಾಗಿ ಓದಿ ಇಡೀ ಮೂಲ್ಕಿಗೆ ಕೇಳಿಸುತ್ತಾರೆ. ಇದನ್ನು ನೀವೊಬ್ಬರೇ ಕುಳಿತು ಓದಿ.

ನಾವು ಕ್ಷೇಮ. ಇವರ ಹೋಟೆಲಿನಲ್ಲಿ ಪಾಳಿ ಬದಲಾಗಿ ಭಾನುವಾರ ಬೆಳಿಗ್ಗೆ ರಜೆ ಸಿಗುತ್ತಿದೆ. ಹಾಗಾಗಿ ಇಬ್ಬರೂ ಒಟ್ಟಿಗೆ ಆರಾಧನೆಗೆ ಹೋಗುತ್ತೇವೆ. ಚಳಿ ಶುರುವಾಗಿದೆ. ಒಗೆದ ಬಟ್ಟೆ ಮನೆಯೊಳಗೇ ಒಣಗಬೇಕು, ಗೋಡೆಯೆಲ್ಲ ತೇವ.

ನಾನು ಕೆಲಸಕ್ಕೆ ಹೋಗುವ ಮನೆ ಯಾವುದೆಂದು ಕೇಳಿದ್ದಿರಿ. ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಕುಶಲ್ ಎಂಬವರ ಮನೆ. ನಮ್ಮ ಕಡೆಯವರೇ, ಸುರತ್ಕಲ್‌ನವರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಗೆ. ಅಷ್ಟು ಹೊತ್ತು ಅವರ ತಾಯಿ ಚಿತ್ರಾಕ್ಷಿ ಅಮ್ಮನನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿದೆ, ನಾಲಿಗೆಗೆ ಏನೂ ಆಗಿಲ್ಲ. ಮೊದಲ ದಿನ ನನ್ನನ್ನು ಎದುರು ಕೂರಿಸಿ ಕೇಳಿದರು: “ಮೀನಿನ ಸಾರು ಮಾಡ್ಲಿಕ್ಕೆ ಬರ್ತದಾ?”

“ಬರ್ತದೆ ಅಮ್ಮ.”

“ಹಾಗಾದ್ರೆ ಸಾಕು. ಉಳಿದದ್ದು ನಾನು ಕಲಿಸ್ತೇನೆ.”

ಗಂಡನಿರುವ ಹೆಂಗಸು ಮನೆಯಿಂದ ಹೊರಡುವಾಗ ಬರಿ ಹಣೆಯಲ್ಲಿ ಹೋಗಬಾರದು ಎಂಬುದು ಅವರ ಕ್ರಮ. ನಾನು ಕೋಟು ಹಾಕಿಕೊಳ್ಳುವ ಸದ್ದಾದರೆ ಸಾಕು, ಕುಂಕುಮದ ಭರಣಿ ಹಿಡಿದು ಗೋಡೆ ಸವರುತ್ತಾ ಬಾಗಿಲ ತನಕ ಬರುತ್ತಾರೆ. ಮುಖ ಸರಿಯಾಗಿ ಕಾಣದು. ಒಂದು ಕೈಯಿಂದ ನನ್ನ ಗಲ್ಲ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಹುಬ್ಬು ಹುಡುಕಿ ನಡುವೆ ಇಡುತ್ತಾರೆ. ಕೆಲವು ದಿನ ಮೂಗಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಹಣೆಗೆ ಇಡುವ ಕ್ರಮವಿಲ್ಲವೆಂದು ನೀವು ಹೇಳಿಕೊಟ್ಟದ್ದನ್ನು ನಾನು ಮರೆತಿಲ್ಲ. ಆದರೆ ಅವರ ಬೆರಳು ನನ್ನ ಮುಖದ ಮೇಲೆ ದಾರಿ ಹುಡುಕುವಾಗ ಬೇಡವೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ನನ್ನ ನಾಚಿಕೆ ನಿಮಗೆ ಗೊತ್ತಲ್ಲ. ಬಸ್ ಸ್ಟಾಪಿಗೆ ಬಂದು ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದೆ.

ನವರಾತ್ರಿಯ ಶನಿವಾರ ಅವರೆಲ್ಲ ಟಿವಿಡೇಲ್ ದೇವಸ್ಥಾನಕ್ಕೆ ಹೋಗಿದ್ದರು. ಬರುವುದು ತಡವಾಯಿತು, ನಾನು ಅಡಿಗೆ ಮಾಡಿಟ್ಟು ಕಾಯುತ್ತಿದ್ದೆ. ಬಂದವರೇ ಅಮ್ಮ ಕುಂಕುಮ ಇಟ್ಟರು, ಹಬ್ಬವೆಂದು ಸ್ವಲ್ಪ ದೊಡ್ಡದಾಗಿಯೇ. ನಾನು ಓಡುತ್ತಾ ಹೋದೆ, ಬಸ್ಸು ನಿಂತೇ ಇತ್ತು, ಹತ್ತಿಬಿಟ್ಟೆ. ಇಳಿದವಳೇ ನಮ್ಮ ಕನ್ನಡ ಪ್ರಾರ್ಥನಾಕೂಟ ನಡೆಯುವ ಶಾಲೆಯ ಹಾಲಿಗೆ ಹೋದೆ. ಆ ದಿನ ವಾಕ್ಯ ಓದುವ ಸರದಿ ನನ್ನದು. ಎಲ್ಲರೆದುರು ನಿಂತು, ತಲೆ ಎತ್ತದೆ, ತಡವರಿಸುತ್ತಾ ಓದಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು, ಓದು ಸರಿಯಿಲ್ಲದ್ದಕ್ಕೆ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಇವರು ಹಣೆ ಉಜ್ಜಿಕೊಳ್ಳುತ್ತಾ ಕುಳಿತಿದ್ದರು. ಪಾಪ, ತಲೆನೋವಿರಬೇಕು ಅಂತ ನಾನು.

ಕೂಟ ಮುಗಿದ ಮೇಲೆ ಚಹಾದ ಮೇಜಿನ ಹತ್ತಿರ ಸಿಸ್ಟರ್ ಶೀಲಾವತಿ ನನ್ನ ತೋಳು ಹಿಡಿದರು. ಅವರು ಕೂಟದ ಹಿರಿಯರ ಹೆಂಡತಿ, ಮೈಸೂರಿನವರು. “ಏನಮ್ಮ ಜೆಮಿಮಾ, ಹಣೆ ಮೇಲೆ ಅಂಗಡಿ ತೆಗೆದಿದ್ದೀಯಾ?” ಎಂದರು. ಅಲ್ಲಿದ್ದವರು ನಕ್ಕರು. ನಾನು ಮುಟ್ಟಿ ನೋಡಿದೆ, ಬೆರಳೆಲ್ಲ ಕೆಂಪು.

ಹಿರಿಯರು ನಗಲಿಲ್ಲ. ಒಳ್ಳೆಯವರು ದೊಡ್ಡಮ್ಮ. ನಾವು ಈ ಮನೆಗೆ ಬಂದಾಗ ಅವರೇ ನಮ್ಮ ಹಾಸಿಗೆಯನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದವರು. ನನ್ನಿಂದ ಎಲ್ಲ ಕೇಳಿಕೊಂಡು ಹೇಳಿದರು: “ಆ ಮನೆ ಕೆಲಸ ಬಿಟ್ಟುಬಿಡಮ್ಮ. ದಿನಾ ವಿಗ್ರಹದ ಮನೇಲಿ ಇದ್ದು ಪರಿಶುದ್ಧವಾಗಿ ಬಾಳೋದು ಹೇಗೆ? ಮುಂದಿನ ಭಾನುವಾರ ಕರ್ತನ ಭೋಜನ ಇದೆ. ಬಿಟ್ಟೆ ಅಂತ ಎಲ್ಲರ ಮುಂದೆ ಸಾಕ್ಷಿ ಹೇಳು, ಆಮೇಲೆ ರೊಟ್ಟಿ ತಗೋ. ಅಲ್ಲೀವರೆಗೆ ಬೇಡ.”

ಮನೆಗೆ ಬಂದು ಇವರನ್ನು ಕೇಳಿದೆ. “ಎಂತ ಮಾಡುದು? ಈ ಊರಲ್ಲಿ ನಮಗೆ ಅಂತ ಇರುದು ಆ ಕೂಟದವರೇ. ಬೇರೆ ಕೆಲಸ ಸಿಗ್ತದೆ, ಬೇರೆ ಸಭೆ ಎಲ್ಲಿಂದ ತರುದು?” ಎಂದರು. ಅದೂ ಸುಳ್ಳಲ್ಲ.

ಆ ವಾರವೆಲ್ಲ ನಿಮ್ಮದೇ ನೆನಪು. ಏರ್‌ಪೋರ್ಟಿನಲ್ಲಿ ನನ್ನ ತಲೆ ಮೇಲೆ ಕೈಯಿಟ್ಟು, ಎಲ್ಲಿ ಹೋದರೂ ಪರಿಶುದ್ಧವಾಗಿ ಬಾಳು ಮಗಾ ಎಂದಿರಿ. ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟ ಬಿಳಿ ಸೀರೆಯ ಹಾಗೆ ಎಂದುಕೊಂಡಿದ್ದೆ. ಹೊರಗೆ ತೆಗೆಯದಿದ್ದರೆ ಕಲೆಯಾಗುವುದಿಲ್ಲ. ಆದರೆ ಅಮ್ಮನಿಗೆ ಸ್ನಾನ ಮಾಡಿಸಿ, ಸೂಜಿ ಚುಚ್ಚಿ, ತಲೆ ಬಾಚಿ, ಅನ್ನದಲ್ಲಿ ಮೀನಿನ ಮುಳ್ಳು ಬಿಡಿಸಿ ಕೊಡುವಾಗ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತರೆ ಆಗುತ್ತದೆಯೇ? ನನಗೆ ಹೆಚ್ಚು ತಿಳಿಯದು. ಒಂದು ಮಾತ್ರ ಗೊತ್ತು. ಕರ್ತನು ನನ್ನೊಂದಿಗೆ ಆ ಮನೆಯೊಳಗೆ ಬರದೆ ಬಸ್ ಸ್ಟಾಪಿನಲ್ಲೇ ನಿಂತು ಕಾಯುತ್ತಿದ್ದಾನೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಭಾನುವಾರ ಹಿರಿಯರು ನನ್ನ ಹೆಸರು ಕರೆದರು. ಎದ್ದೆ. ಎದುರಿನ ಕುರ್ಚಿ ಹಿಡಿದುಕೊಂಡೇ ನಿಂತೆ. ಹೇಳಬೇಕೆಂದಿದ್ದದ್ದೆಲ್ಲ ಮರೆತುಹೋಗಿ ಇಷ್ಟೇ ಬಂತು: “ಕುಂಕುಮ ಬೇಡ ಅಂತ ನಾನು ಅಮ್ಮನಿಗೆ ಹೇಳ್ತೇನೆ. ಅಮ್ಮನನ್ನು ಬಿಡುದಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿಯ ತಟ್ಟೆ ಹೊರಟಿತು. ಹೆಂಗಸರ ಸಾಲಿಗೆ ಕೊಡುವವರು ಸಿಸ್ಟರ್ ಶೀಲಾವತಿಯೇ. ನನ್ನ ಎಡಗಡೆಯವರು ತೆಗೆದುಕೊಂಡರು. ತಟ್ಟೆ ನನ್ನ ಮುಂದಿನಿಂದ ದಾಟಿ ಬಲಗಡೆಯವರ ಹತ್ತಿರ ನಿಂತಿತು. ಹಿಂದಿನಿಂದ ಇವರು ನೋಡುತ್ತಿದ್ದರು.

ಇನ್ನೊಂದು ಮಾತು ಬಾಕಿ ಇತ್ತಲ್ಲ. ಅದು ಕೂಟದಲ್ಲಿ ಎದ್ದು ನಿಂತದ್ದಕ್ಕಿಂತ ಕಷ್ಟವಾಯಿತು. ಸೋಮವಾರ ಹೊರಡುವಾಗ ಚಿತ್ರಾಕ್ಷಿ ಅಮ್ಮ ನನ್ನ ಗಲ್ಲ ಹಿಡಿದರು. ನಾನು ಅವರ ಕೈ ಹಿಡಿದುಕೊಂಡೆ. “ಅಮ್ಮ, ನಂಗೆ ಬೇಡ. ನಮ್ಮಲ್ಲಿ ಇಡುದಿಲ್ಲ.”

“ಇಷ್ಟು ದಿನ ಇಡಿಸಿಕೊಂಡಿ?”

“ಹೇಳ್ಲಿಕ್ಕೆ ನಾಚಿಕೆ ಆಯ್ತು. ಹೊರಗೆ ಹೋಗಿ ಒರೆಸ್ತಿದ್ದೆ.”

“ಎಲ್ಲಿ ಒರೆಸ್ತಿದ್ದಿ?”

“ಬಸ್ ಸ್ಟಾಪಿನಲ್ಲಿ.”

ಅವರು ಕೈ ಬಿಡಿಸಿಕೊಂಡರು. ಭರಣಿಯ ಮುಚ್ಚಳ ಹುಡುಕಿ ಹಾಕಿದರು. “ನೀನು ಕ್ರಿಸ್ತಾನಳು ಅಂತ ನಂಗೆ ಗೊತ್ತಿಲ್ವಾ ಮಾರಾಯ್ತಿ? ನಮ್ಮೂರ ಆಸ್ಪತ್ರೆಯ ನರ್ಸಮ್ಮ ನಕ್ಕು ಇಡಿಸಿಕೊಳ್ತಿದ್ದಳು, ನೀನೂ ಹಾಗೆ ಅಂತ ಎಣಿಸಿದೆ. ಬೇಡ ಅಂದಿದ್ರೆ ನಾನು ಎಂತ ನಿನ್ನನ್ನು ಹಿಡಿದು ಮೆತ್ತುತ್ತಿದ್ದೆನಾ? ಅದು ಬಸ್ ಸ್ಟಾಪಿನಲ್ಲಿ ಒರೆಸುವ ವಸ್ತು ಅಲ್ಲ.”

“ತಪ್ಪಾಯ್ತು ಅಮ್ಮ.”

“ಆಯ್ತು. ಕಣ್ಣು ಕಾಣದವಳಿಗೆ ಬಾಯಲ್ಲಿ ಹೇಳಬೇಕು, ತಿಳೀತಾ?”

ನಾನು ಬಾಗಿಲು ತೆಗೆಯುವಾಗ ಮತ್ತೆ ಕರೆದರು. ಒಳಗೆ ಹೋಗಿ ಬಹಳ ಹೊತ್ತು ಏನೋ ತಡಕಾಡಿ, ಒಂದು ಬಾಳೆಹಣ್ಣು ತಂದು ಕೈಯಲ್ಲಿಟ್ಟರು. “ಬರಿಗೈಲಿ ಹೋಗಬೇಡ. ದೇವರಿಗೆ ಇಟ್ಟದ್ದಲ್ಲ, ಹೆದರಬೇಡ. ಸೀದಾ ಆಲ್ಡಿ ಅಂಗಡಿಯಿಂದ ಬಂದದ್ದು.”

ಬಸ್ಸಿನಲ್ಲಿ ಕುಳಿತು ತಿಂದೆ. ಅಳುವೂ ಬಂತು, ನಗುವೂ ಬಂತು.

ಇನ್ನೇನು ಬರೆಯಲಿ? ಲಂಡನ್ನಿನಿಂದ ಪಾಸ್ಟರ್ ಬಂದು ನನ್ನ ಹತ್ತಿರ ಮಾತಾಡುತ್ತಾರಂತೆ. ಅಲ್ಲಿಯವರೆಗೆ ನಾನು ಆರಾಧನೆಗೆ ಹೋಗಬಹುದು, ರೊಟ್ಟಿ ಮುಟ್ಟಬಾರದು. ನಾನು ಹೋಗುತ್ತೇನೆ. ಹಾಡುವಾಗ ಹಾಡುತ್ತೇನೆ. ತಟ್ಟೆ ಬರುವಾಗ ತಲೆ ಬಗ್ಗಿಸಿ ಕುಳಿತಿರುತ್ತೇನೆ. ನಾನು ಮಾಡಿದ್ದು ತಪ್ಪೆಂದು ನಿಮಗೆ ಕಂಡರೆ ಮುಚ್ಚಿಡದೆ ಬರೆಯಿರಿ. ನಿಮ್ಮ ಬೈಗುಳ ನನಗೆ ಆಗುತ್ತದೆ. ನಿಮ್ಮ ಮೌನ ಆಗುವುದಿಲ್ಲ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳಿ. ಮಕ್ಕಳನ್ನು ದೇವರು ಕಾಪಾಡಲಿ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿ, ಇವರದ್ದೂ ಹೇಳಿ.

ನಿಮ್ಮ ಮಗಳು
ಜೆಮಿಮಾ

ಮರೆತ ಮಾತು: ಮರೆತದ್ದಲ್ಲ ದೊಡ್ಡಮ್ಮ, ಬರೆಯಲು ಕೈ ಬರಲಿಲ್ಲ. ಆಗಸ್ಟಿನಲ್ಲಿ ನನಗೆ ಮೂರು ತಿಂಗಳು ಆಗಿತ್ತು, ನಿಲ್ಲಲಿಲ್ಲ. ನಿಮಗೆ ತಿಳಿಸಿದರೆ ಊಟ ಬಿಡುತ್ತೀರೆಂದು ಸುಮ್ಮನಿದ್ದೆ. ಕೂಟದಲ್ಲಿ ಸಿಸ್ಟರ್ ಶೀಲಾವತಿಗೆ ಮಾತ್ರ ಗೊತ್ತಿತ್ತು, ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಆ ಶನಿವಾರ ಚಹಾದ ಮೇಜಿನ ಹತ್ತಿರ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರು ಮೆಲ್ಲಗೆ ಒಂದು ಮಾತು ಹೇಳಿದರು: “ಈಗ ಗೊತ್ತಾಯ್ತಾ, ಕರ್ತನು ಆ ಮಗೂನ ಯಾಕೆ ತಗೊಂಡ ಅಂತ?” ಇವರು ಪಕ್ಕದಲ್ಲೇ ಇದ್ದರು. ಕೇಳಿಸಿತು. ಲೋಟಕ್ಕೆ ಸಕ್ಕರೆ ಹಾಕಿ ಕಲಕುತ್ತಾ ನಿಂತರು. ತಟ್ಟೆ ದಾಟಿ ಹೋದದ್ದು ನನಗೆ ಅಷ್ಟು ನೋಯಲಿಲ್ಲ.

ನಿನ್ನೆಯಿಂದ ಸಿಸ್ಟರಿಗೆ ಜ್ವರ, ಏಳಲಾಗುತ್ತಿಲ್ಲ ಎಂದು ಇವರು ಹೇಳಿದರು. ಈ ದಿನ ನನಗೆ ಕೆಲಸಕ್ಕೆ ರಜೆ. ಬೆಳಿಗ್ಗೆ ಎದ್ದು ಕರಿಮೆಣಸು ಹಾಕಿ ಹುರುಳಿ ಸಾರು ಮಾಡಿ, ಐಸ್‌ಕ್ರೀಮಿನ ಡಬ್ಬಿಗೆ ತುಂಬಿ, ಅವರ ಮನೆಗೆ ನಡೆದುಕೊಂಡು ಹೋದೆ. ಹೊಸ್ತಿಲ ಮೇಲಿಟ್ಟು ಬೆಲ್ ಒತ್ತಿ ಬಂದೆ. ಬಾಗಿಲು ತೆರೆಯುವ ತನಕ ನಿಲ್ಲಲಿಲ್ಲ. ಅಷ್ಟು ಇನ್ನೂ ನನ್ನಿಂದ ಆಗುವುದಿಲ್ಲ.